ಚುಕ್ಕೆ ಕೂರಿಸುವ ಮೊದಲು

ರಿವಾಲ್ವರ್ ಮೇಲೆ ರೆಡ್ ಡಾಟ್ ಸೈಟ್ ಕೂರಿಸುವುದು ಹೇಗೆ ಎಂದು ಕೇಳಿದ್ದೀಯ. ಮೊದಲು ಉತ್ತರ, ಆಮೇಲೆ ಕಾರಣ. ನಿಮ್ಮಪ್ಪನಿಂದ ನಿನ್ನ ಹೆಸರಿಗೆ ಬಂದಿರುವ ಆ .32 ರಿವಾಲ್ವರ್ ಮೇಲೆ ಕೂರಿಸಬೇಡ. ಸೈಟಿಗೆಂದೇ ಕಾರ್ಖಾನೆಯಲ್ಲಿ ಅಣಿಯಾದ ಬೇರೆ ರಿವಾಲ್ವರ್ ಕೈಗೆ ಬಂದರೆ ಕೂರಿಸಬಹುದು. ಅದಕ್ಕೊಂದು ಕ್ರಮ ಇದೆ, ಅದನ್ನೂ ಹೇಳುತ್ತೇನೆ. ಆದರೆ ನಿನ್ನ ವಯಸ್ಸಿಗೆ, ನಿನ್ನ ಕಣ್ಣಿಗೆ, ಅಂತರಸಂತೆ ಕಡೆಯ ಆ ಒಂಟಿ ತೋಟದ ಮನೆಗೆ ಅದು ಬೇಕೇ ಎನ್ನುವುದು ಬೇರೆಯೇ ಮಾತು. ಸೇನೆಯ ಇಎಂಇ ವಿಭಾಗದಲ್ಲಿ ಆರ್ಮರರ್ ಆಗಿ ಮಂದಿಯ ಬಂದೂಕು ಬಿಚ್ಚಿ ಜೋಡಿಸುತ್ತಲೇ ತಲೆ ನರೆಸಿಕೊಂಡವನು ನಾನು. ಹೇಳುವುದು ಸ್ವಲ್ಪ ಉದ್ದವಾದೀತು, ಕೇಳಿಸಿಕೋ.

ನಿನ್ನ ಕೈಲಿರುವುದು ಕಾನ್ಪುರದ ಸರ್ಕಾರಿ ಕಾರ್ಖಾನೆಯ ಮಾಲು. ಅದರ ಮೂಲ ಇಂಗ್ಲೆಂಡಿನ ವೆಬ್ಲಿ. ನಡು ಮುರಿದು ತೆರೆಯುವ ಜಾತಿ ಅದು. ಹೆಬ್ಬೆರಳಲ್ಲಿ ಕೊಂಡಿ ಒತ್ತಿದರೆ ನಳಿಗೆ, ಸಿಲಿಂಡರ್ ಎರಡೂ ಮುಂದಕ್ಕೆ ಬಾಗುತ್ತವೆ, ಖಾಲಿ ತೋಟಾಗಳು ಒಟ್ಟಿಗೆ ಮೇಲೆದ್ದು ಬರುತ್ತವೆ. ಈಗ ಅದನ್ನು ಖಾಲಿ ಮಾಡಿ, ಎರಡು ಸಲ ನೋಡಿ, ಬೆಳಕಿಗೆ ಹಿಡಿ. ಸಿಲಿಂಡರಿನ ಮೇಲೆ ಹಾದು ಹೋಗುವ ಉಕ್ಕಿನ ಪಟ್ಟಿ ಇದೆಯಲ್ಲ, ಅದರ ಅಗಲ ನಿನ್ನ ಕಿರುಬೆರಳಿನಷ್ಟೂ ಇಲ್ಲ. ಪ್ರತಿ ಗುಂಡಿಗೂ ನಳಿಗೆ ಮುಂದಕ್ಕೆ ಜಗ್ಗುತ್ತದೆ, ಹಿಂಬದಿಯ ಚೌಕಟ್ಟು ಹಿಂದಕ್ಕೆ ಜಗ್ಗುತ್ತದೆ; ಆ ಎಳೆದಾಟದಲ್ಲಿ ಹೆಚ್ಚಿನ ಪಾಲನ್ನು ತಡೆದುಕೊಳ್ಳುವುದು ಈ ಪಟ್ಟಿ ಮತ್ತು ಅದರ ತುದಿಯ ಕೊಂಡಿ. ಅಲ್ಲಿ ನಾಲ್ಕು ತೂತು ಕೊರೆಯುವುದೆಂದರೆ ಬಿಗಿ ಇರಬೇಕಾದ ಜಾಗವನ್ನೇ ಸಡಿಲ ಮಾಡಿದಂತೆ. ಇನ್ನು ಹಿಂದಿನ ಸೈಟ್ ಎಲ್ಲಿದೆ ನೋಡು. ಬೇರೆ ರಿವಾಲ್ವರುಗಳಲ್ಲಿ ಅದು ಚೌಕಟ್ಟಿನ ಮೇಲಿರುತ್ತದೆ, ಇದರಲ್ಲಿ ಆ ಕೊಂಡಿಯ ನೆತ್ತಿಯಲ್ಲೇ ಕೊರೆದ ಸಣ್ಣ ಕಚ್ಚು. ಅದರ ಮೇಲೆ ಗಾಜಿನ ಡಬ್ಬಿ ತಂದು ಕೂರಿಸಿದರೆ ಹ್ಯಾಮರ್ ಎಳೆಯಲೂ ಹೆಬ್ಬೆರಳಿಗೆ ಜಾಗ ಸಾಲದು, ಕೊಂಡಿ ಒತ್ತಲೂ ಸಾಲದು.

ಕೊಂಡಿ ಸವೆದರೆ ಚುಕ್ಕೆ ಅಲುಗಾಡುತ್ತದೆ ಎಂದು ಯಾರಾದರೂ ಹೆದರಿಸಿದರೆ ಅದನ್ನು ಪೂರ್ತಿ ನಂಬಬೇಡ. ಪಟ್ಟಿಯೂ ನಳಿಗೆಯೂ ಒಂದೇ ತುಂಡು, ಆದ್ದರಿಂದ ಪಟ್ಟಿಯ ಮೇಲಿನ ಸೈಟ್ ನಳಿಗೆಯ ಜೊತೆಗೇ ಸಾಗುತ್ತದೆ. ಕೊಂಡಿ ಸವೆದಾಗ ಕೆಡುವುದು ನಿಜವಾಗಿ ಈಗಿರುವ ಹಳೇ ಸೈಟಿನ ಲೆಕ್ಕ. ಆ ದೃಷ್ಟಿಯಿಂದ ಚುಕ್ಕೆಯೇ ಮೇಲು! ಆದರೂ ಬೇಡ ಎನ್ನುವುದಕ್ಕೆ ಮೇಲೆ ಹೇಳಿದ ಎರಡು ಕಾರಣ ಸಾಕು. ಮೂರನೆಯದು ಕಾನೂನು.

ಹುಣಸೂರಿನಲ್ಲಿ ಲೇತ್ ಅಂಗಡಿಗಳಿಗೆ ಬರವಿಲ್ಲ. ಸಾಮಿಲ್ಲುಗಳಿಗೆ, ಟ್ರ್ಯಾಕ್ಟರುಗಳಿಗೆ ಬೇಕಾದ್ದನ್ನೆಲ್ಲ ಕಡೆದು ಕೊಡುವ ಪಳಗಿದ ಕೈಗಳು ಅಲ್ಲಿವೆ. 'ಒಂದು ಗಂಟೆ ಕೆಲಸ ಅಣ್ಣಾ' ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. 1959ರ ಆಯುಧ ಕಾಯ್ದೆಯ 5ನೇ ಕಲಂ ಪ್ರಕಾರ ಬಂದೂಕು ರಿಪೇರಿಗೂ ಲೈಸೆನ್ಸ್ ಬೇಕು, ಮಾರ್ಪಾಡಿಗೂ ಬೇಕು. ಲೇತಿನವನ ಹತ್ತಿರ ಅದಿಲ್ಲ. ಅವನ ಬೆಂಚಿನ ಮೇಲೆ ನಿನ್ನ ರಿವಾಲ್ವರ್ ಬಿಟ್ಟು ಟೀ ಕುಡಿಯಲು ಹೋದ ಆ ಅರ್ಧ ಗಂಟೆಯಲ್ಲೇ ನೀನೂ ಸಿಕ್ಕಿಬಿದ್ದೆ, ಅವನೂ ಸಿಕ್ಕಿಬಿದ್ದ. ಲೈಸೆನ್ಸ್ ಇಲ್ಲದವನ ವಶಕ್ಕೆ ಆಯುಧ ಕೊಟ್ಟದ್ದೇ ತಪ್ಪು. ಕೆಲಸವೇನಾದರೂ ಇದ್ದರೆ ಲೈಸೆನ್ಸ್ ಇರುವ ಬಂದೂಕು ಅಂಗಡಿಗೆ ಒಯ್ಯಿ, ಒಯ್ದದ್ದಕ್ಕೆ ರಸೀದಿ ಬರೆಸಿಕೋ.

ಈಗ ಈ ಚುಕ್ಕೆ ಅಂದರೆ ಏನು ಎಂಬುದು. ಇದು ಲೇಸರ್ ಅಲ್ಲ. ಸಿನಿಮಾದಲ್ಲಿ ಎದುರಿನವನ ಎದೆಯ ಮೇಲೆ ಕೆಂಪಗೆ ಬೀಳುತ್ತದಲ್ಲ, ಅದು ಲೇಸರ್. ಇದರಲ್ಲಿ ಎದುರಿನವನಿಗೆ ಏನೂ ಕಾಣುವುದಿಲ್ಲ. ಒಂದು ಪುಟ್ಟ ಎಲ್‌ಇಡಿ ಹಿಂದಿನಿಂದ ಗಾಜಿನ ಮೇಲೆ ಬೆಳಕು ಚೆಲ್ಲುತ್ತದೆ. ಆ ಗಾಜಿಗೆ ಕೆಂಪು ಬಣ್ಣವನ್ನು ಮಾತ್ರ ಹಿಂದಿರುಗಿಸಿ ಉಳಿದದ್ದನ್ನು ಹಾಯಗೊಡುವ ಲೇಪ ಇರುತ್ತದೆ, ಜೊತೆಗೆ ಅಳತೆಯಿಟ್ಟು ಕೊಟ್ಟ ಬಾಗು. ಬೆಳಕಿನ ಕಿರಣಗಳು ಸಮಾನಾಂತರವಾಗಿ ನಿನ್ನ ಕಣ್ಣಿಗೆ ಬರುವುದರಿಂದ ಚುಕ್ಕೆ ಗಾಜಿನ ಮೇಲಿದ್ದಂತೆ ಕಾಣದೆ ದೂರದ ಗುರಿಯ ಮೇಲೆಯೇ ತೇಲಿದಂತೆ ಕಾಣುತ್ತದೆ. ತಲೆ ಅತ್ತಿತ್ತ ಸರಿದರೂ ಚುಕ್ಕೆ ಹೆಚ್ಚುಕಡಿಮೆ ಗುರಿಯನ್ನು ಬಿಡುವುದಿಲ್ಲ. ಐರ್ಲೆಂಡಿನ ದೂರದರ್ಶಕ ತಯಾರಕ ಹೊವಾರ್ಡ್ ಗ್ರಬ್ 1900ರಲ್ಲೇ ಈ ಉಪಾಯ ಕಂಡುಹಿಡಿದ. ಮೊದಲು ಅದು ಹೆಚ್ಚಾಗಿ ಬಳಕೆಯಾದದ್ದು ಯುದ್ಧವಿಮಾನಗಳಲ್ಲಿ. ಬ್ಯಾಟರಿಯಲ್ಲಿ ನಡೆಯುವ, ಬಂದೂಕಿನ ಮೇಲೆ ಕೂರುವ ರೂಪವನ್ನು 1975ರಲ್ಲಿ ತಂದದ್ದು ಸ್ವೀಡನ್ನಿನ ಏಮ್‌ಪಾಯಿಂಟ್. ನಮ್ಮ ಸೇನೆಯಲ್ಲಿ ತವೋರ್ ರೈಫಲುಗಳ ಮೇಲೆ ಇಂಥ ಸೈಟುಗಳು ಬಂದಾಗ ಹುಡುಗರೆಲ್ಲ ಅದನ್ನು ಕಣ್ಣಿಗಿಟ್ಟುಕೊಂಡು ಹಿಗ್ಗಿದ್ದೇ ಹಿಗ್ಗಿದ್ದು.

ಇದರಿಂದ ಉಪಯೋಗ ಯಾರಿಗೆ? ನನ್ನಂಥವನಿಗೆ. ತೆರೆದ ಸೈಟಿನಲ್ಲಿ ಕಣ್ಣು ಮೂರು ಕಡೆ ಓಡಬೇಕು: ಹಿಂದಿನ ಕಚ್ಚು, ಮುಂದಿನ ಮೊನೆ, ಅದರಾಚೆಯ ಗುರಿ. ಕಣ್ಣು ಒಂದು ಸಲಕ್ಕೆ ಒಂದೇ ದೂರವನ್ನು ಸ್ಪಷ್ಟ ಹಿಡಿಯಬಲ್ಲದು. ಮುಂದಿನ ಮೊನೆಯನ್ನು ಸ್ಪಷ್ಟ ಹಿಡಿದು ಗುರಿಯನ್ನು ಮಬ್ಬಾಗಿಸಿಕೊಳ್ಳುವುದೇ ಪಿಸ್ತೂಲಿನ ಮೊದಲ ಪಾಠ. ನಲವತ್ತೈದು ದಾಟಿದ ಮೇಲೆ ಆ ಮೊನೆಯೇ ಮಸುಕಾಗುತ್ತದೆ. ಚಾಳೀಸು ಹಾಕಿದರೆ ಮೊನೆ ಕಂಡೀತು, ಗುರಿ ಮಾಯ. ಚುಕ್ಕೆಯಾದರೆ ಕಣ್ಣು ಗುರಿಯ ಮೇಲಿದ್ದರೆ ಸಾಕು, ಎರಡೂ ಕಣ್ಣು ತೆರೆದೇ ನೋಡಬಹುದು. ನಿನಗೆ ಇಪ್ಪತ್ತೇಳು. ಹೊಗೆಸೊಪ್ಪಿನ ಬ್ಯಾರನ್ನಿನ ಥರ್ಮಾಮೀಟರಿನ ಗೀಟು ಮಬ್ಬುಗತ್ತಲಲ್ಲೂ ಓದುವ ಕಣ್ಣು ನಿನ್ನದು. ಊರುಗೋಲು ಅಂಗಡಿಯಲ್ಲಿ ಚಂದ ಕಂಡಿತೆಂದು ನೆಟ್ಟಗೆ ನಡೆಯುವವನು ಕೊಂಡು ತರುವುದಿಲ್ಲ.

ಒಂದು ವಿಷಯ ಪರೀಕ್ಷಿಸಿಕೋ, ಮುಂದೆ ಉಪಯೋಗಕ್ಕೆ ಬಂದೀತು. ಯಾರದಾದರೂ ಇಂಥ ಸೈಟ್ ಸಿಕ್ಕಾಗ, ಬಂದೂಕಿನ ಮೇಲಿಲ್ಲದ ಬಿಡಿ ಸೈಟ್, ಅದರಲ್ಲಿ ನೋಡು. ಚುಕ್ಕೆ ದುಂಡಗಿಲ್ಲದೆ ಬಾಲ ಬಿಟ್ಟಂತೆ, ನಕ್ಷತ್ರದಂತೆ ಒಡೆದು ಕಂಡರೆ ಕೂಡಲೇ ಸೈಟ್ ಕೆಟ್ಟಿದೆ ಅನ್ನಬೇಡ. ಮೊಬೈಲ್ ಕ್ಯಾಮೆರಾ ಹಿಡಿದು ಫೋಟೋ ತೆಗೆ. ಫೋಟೋದಲ್ಲಿ ದುಂಡಗಿದ್ದರೆ ದೋಷ ನಿನ್ನ ಕಣ್ಣಿನದು. ಅದಕ್ಕೆ ಅಸ್ಟಿಗ್ಮ್ಯಾಟಿಸಂ ಅನ್ನುತ್ತಾರೆ, ಕಣ್ಣಿನ ಡಾಕ್ಟರು ಸಿಲಿಂಡರ್ ಪವರ್ ಎಂದು ಬರೆದುಕೊಡುವುದು ಅದನ್ನೇ. ಎಷ್ಟೋ ಮಂದಿಗೆ ಅದಿದೆಯೆಂದು ಗೊತ್ತಾಗುವುದೇ ಈ ಚುಕ್ಕೆ ನೋಡಿದಾಗ.

ಇನ್ನು ಸರಿಯಾದ ರಿವಾಲ್ವರಿನ ಮಾತು. ಗಟ್ಟಿ ಚೌಕಟ್ಟಿನ, ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುವ ಜಾತಿ ಬೇಕು. ಅಮೆರಿಕದ ಸ್ಮಿತ್ ಅಂಡ್ ವೆಸನ್ನಿನ ಹಲವು ಮಾದರಿಗಳಲ್ಲಿ ಹಿಂದಿನ ಸೈಟಿನ ಪಟ್ಟಿ ತೆಗೆದರೆ ಅದರಡಿ ಕಾರ್ಖಾನೆಯವರೇ ಕೊರೆದು ಮರೆ ಕಡೆದ ತೂತುಗಳಿರುತ್ತವೆ. ರೂಗರ್ ಕಂಪನಿಯ ಸೂಪರ್ ರೆಡ್‌ಹಾಕ್‌ನಲ್ಲಿ ಚೌಕಟ್ಟಿನಲ್ಲೇ ದುರ್ಬೀನಿನ ಬಳೆ ಕೂರಲು ಕಚ್ಚು ಮಾಡಿರುತ್ತಾರೆ. ಅವೆಲ್ಲ ನಮ್ಮ ಕೈಗೆಟುಕುವ ಸಾಮಾನಲ್ಲ, ಮಾಮೂಲಿ ಲೈಸೆನ್ಸುದಾರ ಹೊರದೇಶದಿಂದ ಬಂದೂಕು ತರಿಸುವಂತಿಲ್ಲ. ನಮ್ಮಲ್ಲೇ ಕಾನ್ಪುರದ ಎಡಬ್ಲ್ಯುಇಐಎಲ್ ಕಂಪನಿ 2023ರ ಆಗಸ್ಟಿನಲ್ಲಿ 'ಪ್ರಬಲ್' ಎಂಬ .32 ರಿವಾಲ್ವರ್ ಹೊರತಂದಿತು. ಪಕ್ಕಕ್ಕೆ ತೆರೆಯುವ ಸಿಲಿಂಡರ್, 76 ಮಿಲಿಮೀಟರ್ ನಳಿಗೆ, ತೂಕ 675 ಗ್ರಾಂ. ಚೌಕಟ್ಟಿನ ಮಟ್ಟಿಗೆ ಅದು ನಿನ್ನದಕ್ಕಿಂತ ಆಧುನಿಕ. ಹಾಗೆಂದು ಅದನ್ನು ಕೊಂಡು ನೀನೇ ಡ್ರಿಲ್ ಹಿಡಿಯಬೇಡ. ಕಾರ್ಖಾನೆಯಲ್ಲಿ ತೂತು ಕೊಡದ ಕಡೆ ತೂತು ಮಾಡಬಾರದು ಎನ್ನುವ ನನ್ನ ಪಟ್ಟು ಎಲ್ಲದಕ್ಕೂ ಒಂದೇ.

ಮೌಂಟ್ ಎಂದರೆ ಸೈಟಿಗೂ ಬಂದೂಕಿಗೂ ನಡುವೆ ಬರುವ ಅಲ್ಯೂಮಿನಿಯಂ ಅಥವಾ ಉಕ್ಕಿನ ತಟ್ಟೆ. ಚುಕ್ಕೆ ಸರಿಯಿಲ್ಲ ಎಂದು ಬೈಯುವವರಲ್ಲಿ ಹೆಚ್ಚಿನವರ ತೊಂದರೆ ಇರುವುದು ಈ ತಟ್ಟೆಯ ಸ್ಕ್ರೂಗಳಲ್ಲಿ. ಹಿಂದಿನ ಸೈಟ್ ಬಿಚ್ಚಿದ ಮೇಲೆ ತೂತುಗಳಲ್ಲಿರುವ ಎಣ್ಣೆಯನ್ನು ಅಸಿಟೋನಿನಲ್ಲಿ ಪೂರ್ತಿ ತೆಗೆಯಬೇಕು. ಎಣ್ಣೆಯ ಮೇಲೆ ಯಾವ ಅಂಟೂ ಹಿಡಿಯುವುದಿಲ್ಲ. ಮೊದಲು ಅಂಟಿಲ್ಲದೆ ಸ್ಕ್ರೂ ತಿರುಗಿಸಿ ಒಳಭಾಗದಿಂದ ನೋಡು. ಸ್ಕ್ರೂ ಒಂದೆಳೆ ಉದ್ದವಾದರೂ ಪಟ್ಟಿಯ ಕೆಳಗೆ ಮೂತಿ ಹಾಕಿ ಸಿಲಿಂಡರಿಗೆ ಒರೆಯುತ್ತದೆ. ಸಿಲಿಂಡರನ್ನು ಕೈಯಲ್ಲಿ ಒಂದು ಪೂರ್ತಿ ಸುತ್ತು ತಿರುಗಿಸಿ ಆರೂ ಮನೆಗಳು ಸಲೀಸಾಗಿ ಹಾದು ಹೋಗುವುದನ್ನು ಖಾತ್ರಿ ಮಾಡಿಕೊಂಡ ಮೇಲೆ ನೀಲಿ ಬಣ್ಣದ ಲಾಕ್‌ಟೈಟ್ ಒಂದು ಹನಿ. ಕೆಂಪು ಬೇಡ, ಕೆಂಪು ಹಾಕಿದರೆ ಬಿಚ್ಚುವಾಗ ಕಾಯಿಸಬೇಕು. ಬಿಗಿಯನ್ನು ಕೈ ಅಂದಾಜಿಗೆ ಬಿಡದೆ ಟಾರ್ಕ್ ಸ್ಕ್ರೂಡ್ರೈವರಿನಲ್ಲಿ, ಮೌಂಟಿನ ಜೊತೆಗೆ ಬರುವ ಚೀಟಿಯಲ್ಲಿ ಬರೆದಷ್ಟೇ ಕೊಡು. ಸಣ್ಣ ಸ್ಕ್ರೂ ಹೆಚ್ಚು ಬಿಗಿದರೆ ತಲೆ ಮುರಿಯುತ್ತದೆ, ಮೈ ತೂತಿನೊಳಗೇ ಉಳಿಯುತ್ತದೆ. ಒಂದು ಇಡೀ ದಿನ ಒಣಗಲು ಬಿಡು. ಕೊನೆಗೆ ಸ್ಕ್ರೂ ತಲೆಯಿಂದ ತಟ್ಟೆಯವರೆಗೆ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆ. ಮುಂದೆ ಗೆರೆ ತುಂಡಾದದ್ದು ಕಂಡರೆ ಸ್ಕ್ರೂ ಸರಿದಿದೆ ಎಂದರ್ಥ. ಸೇನೆಯಲ್ಲಿ ನಾವು ಬಣ್ಣ ಬಳಿದು ಮಾಡುತ್ತಿದ್ದುದೂ ಇದನ್ನೇ.

ಅಗ್ಗದ ಸೈಟ್ ಬೇಡ. ಆನ್‌ಲೈನಿನಲ್ಲಿ ಆಟಿಕೆಗೆಂದು ಮಾರುವ ಸೈಟುಗಳು ಹೊರನೋಟಕ್ಕೆ ಅಸಲಿಯ ತದ್ರೂಪು. ರಿವಾಲ್ವರಿನ ಒದೆತಕ್ಕೆ ಅವುಗಳ ಒಳಗಿನ ಬೆಸುಗೆ ಬಿಡುತ್ತದೆ, ಚುಕ್ಕೆ ತಾನಾಗಿ ಮಿಣುಕಲು ಶುರುವಾಗುತ್ತದೆ. ಇನ್ನೊಂದು ಸಂಗತಿ ನೋಡಿ ಕೊಳ್ಳಬೇಕು: ಬ್ಯಾಟರಿ ಹಾಕುವ ಬಾಯಿ ಎಲ್ಲಿದೆ? ತಳದಲ್ಲಿದ್ದರೆ ಬ್ಯಾಟರಿ ಬದಲಿಸಲು ಇಡೀ ಸೈಟ್ ಬಿಚ್ಚಬೇಕು, ಬಿಚ್ಚಿದರೆ ಮತ್ತೆ ಗುರಿ ಕೂಡಿಸಬೇಕು. ಮೇಲೋ ಪಕ್ಕದಲ್ಲೋ ಬಾಯಿ ಇರುವುದನ್ನೇ ತೆಗೆದುಕೋ.

ರಿವಾಲ್ವರಿನ ಮೇಲೆ ಗಾಜಿಗೆ ಬರುವ ಇನ್ನೊಂದು ಕಷ್ಟ ಮಸಿ. ಸಿಲಿಂಡರಿನ ಮೂತಿಗೂ ನಳಿಗೆಯ ಬುಡಕ್ಕೂ ನಡುವೆ ಸುಮಾರು 0.1ರಿಂದ 0.2 ಮಿಲಿಮೀಟರ್ ಸಂದು ಇರುತ್ತದೆ. ಅದಿಲ್ಲದಿದ್ದರೆ ಸಿಲಿಂಡರ್ ತಿರುಗುವುದಿಲ್ಲ. ಪ್ರತಿ ಗುಂಡಿಗೂ ಆ ಸಂದಿನಿಂದ ಬಿಸಿ ಹೊಗೆ, ಸೀಸದ ಕಣ ಪಕ್ಕಕ್ಕೆ ಸಿಡಿಯುತ್ತದೆ. ಬೆರಳು ಅಲ್ಲಿಗೆ ಹೋಗಬಾರದು ಎಂದು ನಿನಗೆ ಚಿಕ್ಕಂದಿನಿಂದ ಹೇಳಿದ್ದೇನೆ. ಚುಕ್ಕೆಯ ಗಾಜನ್ನು ಆ ಸಂದಿನ ನೇರ ಮೇಲೆ ಕೂರಿಸಿದರೆ ನಾಲ್ಕೈದು ಸುತ್ತು ಹೊಡೆಯುವಷ್ಟರಲ್ಲಿ ಅದಕ್ಕೆ ಕಂದು ಪೊರೆ ಬರುತ್ತದೆ. ಸ್ವಲ್ಪ ಹಿಂದಕ್ಕೆ ಕೂರಿಸುವ ಮೌಂಟ್ ವಾಸಿ. ಒರೆಸಲು ಕನ್ನಡಕದ ಬಟ್ಟೆ, ಅಂಗಿಯ ಚುಂಗು ಅಲ್ಲ.

ಗುರಿ ಕೂಡಿಸುವುದು, ಅಂದರೆ ಝೀರೋ ಮಾಡುವುದು, ಲೆಕ್ಕದ ಕೆಲಸ. ಅದನ್ನು ಮಾಡಬೇಕಾದದ್ದು ಅನುಮತಿ ಇರುವ ರೇಂಜಿನಲ್ಲಿ. ತೋಟದ ಬದುವಿನಲ್ಲಿ ತೆಂಗಿನ ಚಿಪ್ಪಿಟ್ಟು ಹೊಡೆಯುವ ಪರಿಪಾಠ ಬೇಡ. ಸೈಟಿನ ಗುಬುಟು ಒಂದು ಸಲ ಟಕ್ ಎಂದರೆ ಸಾಮಾನ್ಯವಾಗಿ ಒಂದು ಮಿನಿಟ್ ಕೋನ. 25 ಮೀಟರಿನಲ್ಲಿ ಅದು 7 ಮಿಲಿಮೀಟರ್ ಚಿಲ್ಲರೆ. ಆಸರೆಯ ಮೇಲೆ ಕೈಯಿಟ್ಟು ಐದು ಗುಂಡು ಹೊಡೆದು, ಆ ಐದರ ನಡುವನ್ನು ಗುರುತಿಸು. ಅದು ಗುರಿಯಿಂದ 35 ಮಿಲಿಮೀಟರ್ ಎಡಕ್ಕಿದ್ದರೆ ಬಲಕ್ಕೆ ಐದು ಟಕ್. ಒಂದೊಂದು ಗುಂಡಿಗೂ ಗುಬುಟು ತಿರುಗಿಸುವವನು ಸಂಜೆಯವರೆಗೂ ತಿರುಗಿಸುತ್ತಲೇ ಇರುತ್ತಾನೆ. ಚುಕ್ಕೆಯ ಗಾತ್ರವನ್ನೂ ಹೀಗೇ ಅಳೆಯುತ್ತಾರೆ. 6 ಮಿನಿಟಿನ ಚುಕ್ಕೆ 25 ಮೀಟರಿನಲ್ಲಿ ಸುಮಾರು 44 ಮಿಲಿಮೀಟರ್ ಜಾಗ ಮುಚ್ಚುತ್ತದೆ. ಪಿಸ್ತೂಲ್ ಸ್ಪರ್ಧೆಯ 25 ಮೀಟರ್ ಕಾಗದದಲ್ಲಿ ಹತ್ತು ಅಂಕದ ವೃತ್ತದ ಅಗಲವೇ 50 ಮಿಲಿಮೀಟರ್. ಅಂದರೆ ಹತ್ತರ ವೃತ್ತ ಹೆಚ್ಚುಕಡಿಮೆ ಚುಕ್ಕೆಯಡಿ ಮರೆಯಾಯಿತು. ನಿಧಾನವಾಗಿ ಗುರಿ ಹಿಡಿದು ಹೊಡೆಯುವವನಿಗೆ 2 ಅಥವಾ 3 ಮಿನಿಟಿನದು ಒಳ್ಳೆಯದು.

ಎತ್ತರದ ಲೆಕ್ಕವನ್ನು ಮರೆಯುವವರೇ ಜಾಸ್ತಿ. ಮೌಂಟಿನ ಮೇಲೆ ಕೂತ ಚುಕ್ಕೆ ನಳಿಗೆಯ ನಡುಗೆರೆಗಿಂತ ಮೂರು ಸೆಂಟಿಮೀಟರಿನಷ್ಟು ಮೇಲಿರುತ್ತದೆ ಅಂದುಕೋ. 15 ಮೀಟರಿಗೆ ಝೀರೋ ಮಾಡಿದ .32ರಲ್ಲಿ 3 ಮೀಟರ್ ದೂರದ ವಸ್ತುವಿಗೆ ಹೊಡೆದರೆ ಗುಂಡು ಚುಕ್ಕೆಗಿಂತ ಸುಮಾರು ಎರಡು ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಸೈಟ್ ಕೆಟ್ಟಿತೆಂದು ಆಗ ಗುಬುಟು ತಿರುಗಿಸಿದರೆ ದೂರದ ಗುರಿ ಹಾಳು. ರಿವಾಲ್ವರಿನಲ್ಲಿ ತೋಟಾ ಬದಲಾದರೂ ಗುರಿ ಬದಲಾಗುತ್ತದೆ. ಗುಂಡು ನಳಿಗೆ ಬಿಡುವುದರೊಳಗೇ ಕೈಯಲ್ಲಿ ಮೂತಿ ಮೇಲೇಳಲು ಶುರು ಮಾಡಿರುತ್ತದೆ. ಭಾರದ, ನಿಧಾನದ ಗುಂಡು ನಳಿಗೆಯಲ್ಲಿ ಹೆಚ್ಚು ಹೊತ್ತು ಇರುವುದರಿಂದ ಹತ್ತಿರದಲ್ಲಿ ಮೇಲಕ್ಕೆ ತಗಲುತ್ತದೆ. ಒಂದೇ ಜಾತಿಯ ತೋಟಾಕ್ಕೆ ಅಂಟಿಕೊಂಡವನಿಗೆ ಮಾತ್ರ ಝೀರೋ ಉಳಿಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಕೈಯ ಮಾತು ಬರುತ್ತದೆ, ನನಗೆ ಹೇಳಬೇಕಾದದ್ದು ಅದೇ. ಚುಕ್ಕೆ ಹಾಕಿದ ಹೊಸತರಲ್ಲಿ ಹುಡುಗರು ಗಾಬರಿಯಾಗುತ್ತಾರೆ: 'ಇಷ್ಟು ನಡುಗುತ್ತಾ ನನ್ನ ಕೈ?' ಕೈ ಮೊದಲಿನಿಂದಲೂ ಅಷ್ಟೇ ನಡುಗುತ್ತಿತ್ತು. ತೆರೆದ ಸೈಟ್ ಅದನ್ನು ಮರೆಮಾಚಿತ್ತು, ಚುಕ್ಕೆ ಎತ್ತಿ ತೋರಿಸುತ್ತಿದೆ. ಆಗ ಏನಾಗುತ್ತದೆ ಗೊತ್ತಾ? ಚುಕ್ಕೆ ಗುರಿಯ ನಡುವಿಗೆ ಬಂದ ಕ್ಷಣ 'ಈಗ!' ಎಂದು ಟ್ರಿಗರನ್ನು ಕಿತ್ತು ಎಳೆಯುತ್ತಾರೆ. ರಿವಾಲ್ವರಿನ ಡಬಲ್ ಆಕ್ಷನ್ ಎಳೆತ ಸುಮಾರು ನಾಲ್ಕರಿಂದ ಆರು ಕಿಲೋ. ಒಂದೇ ಎಳೆತದಲ್ಲಿ ಸಿಲಿಂಡರ್ ತಿರುಗಬೇಕು, ಹ್ಯಾಮರ್ ಹಿಂದೆ ಹೋಗಬೇಕು, ಬೀಳಬೇಕು. ಮುಕ್ಕಾಲು ಕಿಲೋ ತೂಗದ ಆಯುಧದ ಮೇಲೆ ಐದು ಕಿಲೋ ಬಲ ಜರ್ರನೆ ಬಿದ್ದರೆ ಮೂತಿ ಕೆಳಗೆ ಎಡಕ್ಕೆ ಹೊರಳದೆ ಇನ್ನೇನಾಗುತ್ತದೆ? ಚುಕ್ಕೆ ನಡುವಿನಲ್ಲಿತ್ತು ಎಂದು ಅವನು ಆಣೆಯಿಟ್ಟು ಹೇಳುತ್ತಾನೆ. ನಿಜ, ಎಳೆಯುವ ಮೊದಲು ಇತ್ತು.

ಇದಕ್ಕೆ ಮದ್ದು ಗೋಡೆ. ಖಾಲಿ ರಿವಾಲ್ವರ್, ಬೇರೆ ಕೋಣೆಯಲ್ಲಿ ಬೀಗ ಹಾಕಿಟ್ಟ ತೋಟಾಗಳು, ಆರು ಡಮ್ಮಿ ತೋಟಾ. ಡಮ್ಮಿ ಇಲ್ಲದೆ ಬರಿದೇ ಬಡಿದರೆ ಹಳೇ ಮಾದರಿಯ ಫೈರಿಂಗ್ ಪಿನ್ನಿಗೆ ಪೆಟ್ಟು. ಗಟ್ಟಿ ಗೋಡೆಯ ಕಡೆ ಮುಖ ಮಾಡಿ, ಮುಂದಿನ ಮೊನೆಯನ್ನು ದಿಟ್ಟಿಸುತ್ತ ಟ್ರಿಗರನ್ನು ನಿಲ್ಲಿಸದೆ, ಅವಸರಿಸದೆ ಹಿಂದಕ್ಕೆ ತಾ. ಹ್ಯಾಮರ್ ಬಿದ್ದಾಗ ಮೊನೆ ಕದಲದಿದ್ದರೆ ಆ ಎಳೆತ ಸರಿ. ಮೊನೆಯ ಮೇಲೆ ಒಂದು ರೂಪಾಯಿ ನಾಣ್ಯ ನಿಲ್ಲಿಸಿ ಬೀಳದಂತೆ ಹ್ಯಾಮರ್ ಬೀಳಿಸುವುದನ್ನು ನಮ್ಮ ಹವಾಲ್ದಾರರು ಕಲಿಸಿದ್ದರು. ನಿನ್ನ .32ರ ಮೊನೆ ಅಷ್ಟು ಅಗಲ ಇಲ್ಲ, ನಳಿಗೆಯ ಮೇಲೆ ಇಟ್ಟುಕೋ. ಇಲ್ಲಿ ಚುಕ್ಕೆಯ ಪರವಾಗಿ ಒಂದು ಮಾತು ಹೇಳಲೇಬೇಕು: ಎಳೆತದ ತಪ್ಪನ್ನು ಅದರಷ್ಟು ಚೆನ್ನಾಗಿ ತೋರಿಸುವ ಗುರು ಇಲ್ಲ. ಕಲಿಸುವವನ ಕೈಯಲ್ಲಿ ಅದು ಒಳ್ಳೆಯ ಸಾಧನ. ಬರೀ ಹೊಡೆಯುವವನ ಕೈಯಲ್ಲಿ ಅಲಂಕಾರ.

ಒಲಿಂಪಿಕ್ ಪಿಸ್ತೂಲ್ ಸ್ಪರ್ಧೆಗಳಲ್ಲಿ ಚುಕ್ಕೆಗೆ ಅವಕಾಶವೇ ಇಲ್ಲ, ತೆರೆದ ಸೈಟ್ ಒಂದೇ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರಲ್ಲಿ ಕೊರಿಯಾದ ಚಾಂಗ್ವಾನ್ ವಿಶ್ವಕಪ್ಪಿನ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದದ್ದು, 2016ರಲ್ಲಿ ರಿಯೋ ಒಲಿಂಪಿಕ್ಸಿಗೆ ಹೋದದ್ದು ಆ ಸೈಟಿನಲ್ಲೇ. ಟಿ.ಎಸ್. ದಿವ್ಯಾ 2023ರಲ್ಲಿ ಸರಬ್‌ಜೋತ್ ಸಿಂಗ್ ಜೊತೆ ಬಾಕು ವಿಶ್ವಕಪ್ಪಿನಲ್ಲಿ ಚಿನ್ನ, ಹಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ ಬೆಳ್ಳಿ ಗೆದ್ದದ್ದೂ ಹಾಗೇ. ಏರ್ ಪಿಸ್ತೂಲಿನ ಹತ್ತರ ವೃತ್ತ 11.5 ಮಿಲಿಮೀಟರ್, ಒಂದು ಶರ್ಟಿನ ಗುಂಡಿಯಷ್ಟು. ಪಿರಿಯಾಪಟ್ಟಣ ದಾಟಿ ಕೊಡಗಿಗೆ ಹೋದರೆ ಕೈಲ್ ಪೋಳ್ದ್ ಹಬ್ಬದಲ್ಲಿ ಮರದ ತುದಿಯ ತೆಂಗಿನಕಾಯಿಗೆ ಈಡು ಹೊಡೆಯುತ್ತಾರೆ. ನರೆತ ಮೀಸೆಯವರು ಬರಿಗಣ್ಣಲ್ಲಿ ಕಾಯಿ ಉರುಳಿಸುವುದನ್ನು ಒಮ್ಮೆ ನೋಡಿ ಬಾ. ಕಲಿಯುವ ಆಸೆ ನಿಜವಾಗಿ ಇದ್ದರೆ 4.5 ಮಿಲಿಮೀಟರಿನ, 20 ಜೂಲ್ ಶಕ್ತಿ ಮೀರದ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಡ. ಮನೆಯ ಹಜಾರದಲ್ಲೇ 10 ಮೀಟರ್ ಸಿಗುತ್ತದೆ. ಚುಕ್ಕೆಗೆ ಸುರಿಯುವ ದುಡ್ಡನ್ನು ಅಲ್ಲಿಗೆ ಹಾಕು.

ಇನ್ನು ತೋಟದ ವಿಚಾರ. ರಾತ್ರಿ ಹೊತ್ತು ಆನೆ ಬರುತ್ತದೆ, ಹುಲಿಯ ಸುದ್ದಿ ಇದೆ, ಅದಕ್ಕೇ ಬೇಕು ಎಂದೆ. 2025ರ ಅಕ್ಟೋಬರ್, ನವೆಂಬರಿನಲ್ಲಿ ಸರಗೂರು ಕಡೆ ಹುಲಿಗೆ ರೈತರು ಬಲಿಯಾದದ್ದು, ನಾಗರಹೊಳೆ ಬಂಡೀಪುರಗಳಲ್ಲಿ ಸಫಾರಿ ನಿಲ್ಲಿಸಿದ್ದು ನನಗೂ ನೆನಪಿದೆ, ಭಯ ಸುಳ್ಳಲ್ಲ. ಆದರೆ .32 ಗುಂಡು ಆನೆಗೆ ಸಿಟ್ಟು ತರಿಸೀತೇ ಹೊರತು ತಡೆಯಲಾರದು. ನಾಲ್ಕು ಟನ್ನಿನ ಪ್ರಾಣಿಯನ್ನು ಗಾಯಗೊಳಿಸಿ ಕತ್ತಲಲ್ಲಿ ನಿನ್ನ ಕಡೆಗೇ ತಿರುಗಿಸಿಕೊಳ್ಳುವುದಕ್ಕೆ ಚುಕ್ಕೆ ಯಾಕೆ ಬೇಕು? ಪ್ರಾಣಕ್ಕೆ ಬಂದಾಗ ಆತ್ಮರಕ್ಷಣೆಗೆ ವನ್ಯಜೀವಿ ಕಾಯ್ದೆಯೂ ಅವಕಾಶ ಕೊಡುತ್ತದೆ, ಬೆಳೆ ಉಳಿಸಲು ಕೊಡುವುದಿಲ್ಲ.

ನಿನ್ನ ತೋಟವಿರುವ ತಾಲ್ಲೂಕಿನಲ್ಲಿ ಚುಕ್ಕೆ ಸೈಟ್ ನಿಜವಾಗಿ ದುಡಿಯುವ ಜಾಗ ಒಂದಿದೆ: ಅರಣ್ಯ ಇಲಾಖೆಯ ಅರಿವಳಿಕೆ ಬಂದೂಕು. ಹಿಂದೆ ಕಾಕನಕೋಟೆಯಲ್ಲಿ ಖೆಡ್ಡಾ ಮಾಡಿ ಹಿಂಡುಗಟ್ಟಲೆ ಆನೆ ಹಿಡಿಯುತ್ತಿದ್ದರು. 1971ಕ್ಕೆ ಅದು ಮುಗಿಯಿತು, ಆ ಕಣಿವೆಯ ಬಹುಪಾಲು ಕಬಿನಿ ನೀರಿನಡಿ ಹೋಯಿತು. ಈಗ ಒಂದೊಂದೇ ಆನೆಯನ್ನು ಡಾರ್ಟ್ ಹೊಡೆದು ಹಿಡಿಯುತ್ತಾರೆ. ಗ್ಯಾಸಿನ ಒತ್ತಡದಲ್ಲಿ ಹಾರುವ ಆ ಡಾರ್ಟಿಗೆ ವೇಗ ಕಡಿಮೆ, ದೂರ ಹೋದಷ್ಟೂ ಜಗ್ಗಿ ಬೀಳುತ್ತದೆ. ದೂರ ಅಳೆದು ಒತ್ತಡ ಇಡಬೇಕು. ಕಡಿಮೆ ಇಟ್ಟರೆ ಮುಟ್ಟದು, ಹೆಚ್ಚಿಟ್ಟರೆ ಸೂಜಿ ಮಾಂಸ ದಾಟಿ ಮೂಳೆಗೆ ಹೋದೀತು. ಚುಕ್ಕೆ ತೊಡೆಯ ಮೇಲೆ ಅಚ್ಚುಕಟ್ಟಾಗಿ ನಿಂತಿದ್ದರೂ ದೂರದ ಲೆಕ್ಕ ತಪ್ಪಿದರೆ ಎಲ್ಲ ತಪ್ಪು. ಲೆಕ್ಕ ಸರಿಯಿದ್ದರೂ ಮದ್ದು ಏರಲು ನಿಮಿಷಗಳು ಬೇಕು. ಈ ಕೆಲಸದಲ್ಲಿ ಪಳಗಿದ್ದ 'ಆನೆ ವೆಂಕಟೇಶ್' 2023ರ ಆಗಸ್ಟ್ 31ರಂದು ಹಾಸನ ಜಿಲ್ಲೆಯ ಆಲೂರು ಕಡೆ ಗಾಯಗೊಂಡಿದ್ದ ಭೀಮ ಎಂಬ ಕಾಡಾನೆಗೆ ಚಿಕಿತ್ಸೆ ಕೊಡಲು ಡಾರ್ಟ್ ಹೊಡೆದರು. ಆನೆ ಅವರ ಮೇಲೆಯೇ ತಿರುಗಿಬಿತ್ತು, ಪ್ರಾಣ ಹೋಯಿತು. ಅಂಥ ಕೈಗೇ ಹೀಗಾದ ಮೇಲೆ ನಿನ್ನ ಟಾರ್ಚು, ಚುಕ್ಕೆ, ಆರು ತೋಟಾ ಯಾವ ಲೆಕ್ಕ? ಸೋಲಾರ್ ಬೇಲಿ ಸರಿಪಡಿಸಿಕೋ, ಬೀಟಿನ ಗಾರ್ಡಿನ ನಂಬರ್ ಮೊಬೈಲಿನಲ್ಲಿರಲಿ, ಕತ್ತಲಾದ ಮೇಲೆ ಪಂಪ್‌ಸೆಟ್ಟಿಗೆ ಒಬ್ಬನೇ ಹೋಗಬೇಡ.

ರಸ್ತೆಯ ಎಚ್ಚರಿಕೆಯೊಂದಿದೆ, ಬೇಗ ಹೇಳಿಬಿಡುತ್ತೇನೆ. ಹ್ಯಾಂಡ್‌ಪೋಸ್ಟಿನಿಂದ ಅಂತರಸಂತೆ, ಬಳ್ಳೆ, ಬಾವಲಿ ಮೇಲೆ ಮಾನಂದವಾಡಿಗೆ ಹೋಗುವ ದಾರಿ ಹುಲಿ ಸಂರಕ್ಷಿತ ಕಾಡಿನೊಳಗೇ ಹಾಯುತ್ತದೆ. ವನ್ಯಜೀವಿ ಕಾಯ್ದೆಯ 31ನೇ ಕಲಂ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಆಯುಧದೊಂದಿಗೆ ಅಲ್ಲಿ ಪ್ರವೇಶ ಇಲ್ಲ. ಲೈಸೆನ್ಸ್ ಇದ್ದರೂ ಇಲ್ಲ. ಬಾವಲಿ ಸೇತುವೆ ದಾಟಿದರೆ ಕೇರಳ. ನಿನ್ನ ಲೈಸೆನ್ಸಿನಲ್ಲಿ ವ್ಯಾಪ್ತಿ ಕರ್ನಾಟಕ ಎಂದಷ್ಟೇ ಇದ್ದರೆ ಆಚೆ ದಡದಲ್ಲಿ ಅದು ಬರಿ ಕಾಗದ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಮರೆತು ಉಳಿದದ್ದು ಎಂದರೆ ಚೆಕ್‌ಪೋಸ್ಟಿನಲ್ಲಿ ಯಾರೂ ಒಪ್ಪುವುದಿಲ್ಲ. ಮದುವೆ ದಿಬ್ಬಣ, ಆಯುಧಪೂಜೆ ಎಂದು ಗಾಳಿಯಲ್ಲಿ ಹಾರಿಸುವ ಚಟಕ್ಕೆ 2019ರ ತಿದ್ದುಪಡಿ ಎರಡು ವರ್ಷದವರೆಗೆ ಜೈಲು ಇಟ್ಟಿದೆ, ಒಂದು ಲಕ್ಷದವರೆಗೆ ದಂಡವೂ ಬೀಳಬಹುದು. ಅದೇ ತಿದ್ದುಪಡಿ ಲೈಸೆನ್ಸಿನ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ಐದು ವರ್ಷ ದೊಡ್ಡದು, ನವೀಕರಣದ ತಾರೀಖು ಮರೆತುಹೋಗುತ್ತದೆ. ಕ್ಯಾಲೆಂಡರಿನಲ್ಲಿ ಬರೆದಿಡು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿದ ರಸೀದಿಗಳನ್ನು ನಿಮ್ಮಪ್ಪ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಜೋಡಿಸಿಟ್ಟಿದ್ದಾರೆ. ಅವರಿಗೆ ಎಪ್ಪತ್ತು ದಾಟಿದ ಮೇಲೆ ನಿಯಮದಂತೆ ನಿನ್ನ ಹೆಸರಿಗೆ ಬರೆಸುವಾಗ ಆ ಡಬ್ಬಿಯೇ ಕೆಲಸಕ್ಕೆ ಬಂತು.

ಮುಂದಿನ ತಿಂಗಳು ಹೊಗೆಸೊಪ್ಪಿನ ಕೆಲಸ ಮುಗಿದ ಮೇಲೆ ಒಂದು ಭಾನುವಾರ ಬಾ. ಲೈಸೆನ್ಸ್ ಪುಸ್ತಕ, ರಿವಾಲ್ವರ್ ಎರಡೂ ತಾ, ತೋಟಾ ಮನೆಯಲ್ಲೇ ಬೀಗದೊಳಗಿರಲಿ. ನನ್ನ ಹತ್ತಿರ ಡಮ್ಮಿ ತೋಟಾ ಇವೆ, ಹಿತ್ತಿಲ ಕಡೆಯ ಗೋಡೆಗೆ ಹೊಸದಾಗಿ ಸುಣ್ಣ ಹೊಡೆಸಿದ್ದೇನೆ. ಬರುವಾಗ ಒಂದು ರೂಪಾಯಿಯ ನಾಣ್ಯ ಜೇಬಿನಲ್ಲಿಟ್ಟುಕೊಂಡು ಬಾ, ಇತ್ತೀಚೆಗೆ ನಮ್ಮ ಅಂಗಡಿಗಳಲ್ಲಿ ಚಿಲ್ಲರೆಯೇ ಸಿಗುವುದಿಲ್ಲ.